ನಮಗಿಂತ ಜಾಸ್ತಿ ಗೊತ್ತಿದ್ದವರಿಗೆ ಕೆಲಸ ಹೇಳುವುದು

ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳ ಫಸಲನ್ನು ಗುತ್ತಿಗೆ ಹಿಡಿಯುವ ಒಬ್ಬ ಚೇಣಿದಾರರ ಹತ್ತಿರ ನಾನು ಕೆಲಸ ನೋಡಿಕೊಳ್ಳುತ್ತೇನೆ. ಕೊನೆ (ಅಡಿಕೆ ಗೊನೆ) ತೆಗೆಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು, ಕೂಲಿ ಲೆಕ್ಕ ಎಲ್ಲ ನನ್ನದೇ. ಜೊತೆಗೆ ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಸೇನೆಯಲ್ಲಿ ಅಧಿಕಾರಿಯಾಗಬೇಕು ಅನ್ನೋದು ಹೈಸ್ಕೂಲಿನಿಂದಲೂ ಇರುವ ಆಸೆ.

ಈ ದಾರಿ ಹಿಡಿದ ನಾವೆಲ್ಲ ಓಟ, ಪುಷ್ ಅಪ್, ಗಣಿತ ಅಂತ ಒದ್ದಾಡುತ್ತೇವೆ. ಆಮೇಲಿನದ್ದನ್ನು ಯೋಚಿಸುವುದು ಕಡಿಮೆ. ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎಯಿಂದ ಲೆಫ್ಟಿನೆಂಟ್ ಆಗಿ ಹೊರಬರುವವರಲ್ಲಿ ಹೆಚ್ಚಿನವರಿಗೆ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಕಾಲಾಳು ಪಡೆಗೆ ಹೋದರೆ ಒಂದು ಪ್ಲಟೂನ್ ಕೈಗೆ ಬರುತ್ತದೆ, ಅಂದರೆ 30ರ ಆಸುಪಾಸು ಸೈನಿಕರು. ಅವರಲ್ಲಿ ಹವಾಲ್ದಾರರು, ಸುಬೇದಾರರು ಎಷ್ಟೋ ವರ್ಷ ಗಡಿಯಲ್ಲಿ ಕಳೆದವರು. ಕೆಲಸ ಅವರಿಗೆ ಗೊತ್ತು, ಆದರೆ ಆರ್ಡರ್ ಕೊಡಬೇಕಾದವನು ಈ ಹುಡುಗ. ನನ್ನ ಪರಿಸ್ಥಿತಿಯೂ ಅದೇ ಅಲ್ವಾ?

ಮರದಿಂದ ಕೊನೆ ಇಳಿಸುವ ನಮ್ಮ ಕೊನೆಗೌಡರು ನಾನು ಹುಟ್ಟುವ ಮೊದಲೇ ಅಡಿಕೆ ಮರ ಹತ್ತಿದವರು. ಬೆಳಿಗ್ಗೆ ತೋಟಕ್ಕೆ ಹೋದ ಕೂಡಲೇ ಅವರನ್ನು ಕೇಳುತ್ತೇನೆ, "ಅಣ್ಣಾ, ಇವತ್ತು ಎಲ್ಲಿಂದ ಶುರು ಮಾಡೋಣ?" ಅವರು ಉತ್ತರ ಕೊಡುವ ಮೊದಲು ಮರಕ್ಕೆ ಅಂಗೈ ಒತ್ತಿ ನೋಡುತ್ತಾರೆ. "ತಮ್ಮಾ, ರಾತ್ರಿ ಮಂಜು ಜೋರಿತ್ತು. ಹೊಳೆ ಬದಿ ಮರ ಜಾರ್ತದೆ. ಬಿಸಿಲು ಬೀಳ್ಲಿ, ಅಲ್ಲಿ ತನಕ ಮೇಲಿನ ತೋಟ." ಅಷ್ಟೇ, ಮೇಲಿನ ತೋಟಕ್ಕೆ ಹೋಗುತ್ತೇವೆ. ಕೇಳಿದ್ದರಿಂದ ನನ್ನ ಮಾತಿಗೆ ಬೆಲೆ ಕಡಿಮೆಯಾಗಿಲ್ಲ.

ಆದರೆ ಕೇಳುವುದು ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ. ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಮೋಡ ಕವಿಯಿತು. ಬೇಯಿಸಿದ ಅಡಿಕೆ ಅಂಗಳದ ತುಂಬ ಹರಡಿತ್ತು. ನೆನೆದರೆ ಬೂಷ್ಟು ಬರುತ್ತದೆ, ದರ ಬಿದ್ದಂತೆಯೇ. ಕೊನೆಗೌಡರು ಮಳೆ ಗ್ಯಾರಂಟಿ ಅಂದರು. ಹಂಡೆ ನೋಡಿಕೊಳ್ಳುವ ಅಜ್ಜ ಗಾಳಿ ಬೇರೆ ಕಡೆ ಇದೆ, ಬರಲ್ಲ ಅಂದರು. ಇಬ್ಬರೂ ಅನುಭವಸ್ಥರೇ. ಸುಲಿಯುವವರನ್ನು ಮೆಟ್ಟುಗತ್ತಿ ಬಿಟ್ಟು ಏಳಿಸಿ, ಎಲ್ಲರೂ ಸೇರಿ ಅಡಿಕೆ ಬಾಚಿ ಟಾರ್ಪಾಲು ಮುಚ್ಚಿದೆವು. ಸುಲಿಯುವವರಿಗೆ ಕೂಲಿ ಡಬ್ಬದ ಲೆಕ್ಕ, ಎಷ್ಟು ಡಬ್ಬ ಸುಲಿದರೋ ಅಷ್ಟಕ್ಕೇ. ಎದ್ದಷ್ಟು ಹೊತ್ತು ಅವರಿಗೆ ನಷ್ಟ. ಅದಕ್ಕೇ ಏಳಿಸುವಾಗಲೇ ಹೇಳಿದ್ದೆ, ಇಷ್ಟು ಹೊತ್ತಿನ ಕೂಲಿ ಬೇರೆ ಸಿಗುತ್ತದೆ ಅಂತ.

ಮಳೆ ಬರಲಿಲ್ಲ. ಧಣಿಗಳು ಸಂಜೆ ಲೆಕ್ಕ ನೋಡಿ ಪ್ರಶ್ನೆ ಮಾಡಿದರು. ಕೊನೆಗೌಡರ ಹೆಸರಾಗಲಿ ಅಜ್ಜನ ಹೆಸರಾಗಲಿ ನಾನು ಎತ್ತಲಿಲ್ಲ. ನಾನೇ ಮುಚ್ಚಿಸಿದ್ದು, ನಾಳೆ ಇದೇ ಮೋಡ ಕಂಡರೂ ಮುಚ್ಚಿಸುತ್ತೇನೆ ಅಂದೆ. ಕೂಲಿ ಕೊಟ್ಟರು. ಮರುದಿನದಿಂದ ಅಂಗಳದಲ್ಲಿ ನಾನು ಕೂಗಿ ಕರೆಯುವ ಅಗತ್ಯ ಬೀಳಲಿಲ್ಲ.

1932ರಲ್ಲಿ ಐಎಂಎ ಉದ್ಘಾಟನೆಯಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಮಾತು ಅಲ್ಲಿನ ಕೆಡೆಟ್‌ಗಳಿಗೆಲ್ಲ ಬಾಯಿಪಾಠ. ದೇಶದ ರಕ್ಷಣೆ, ಮಾನ, ಹಿತ ಮೊದಲು. ಆಮೇಲೆ ಕೈಕೆಳಗಿನವರದ್ದು. ನಿನ್ನ ಸುಖ, ನಿನ್ನ ಸುರಕ್ಷತೆ ಯಾವಾಗಲೂ ಕೊನೆಗೆ. ಡಬ್ಬದ ಕೂಲಿಯ ವಿಷಯ ಬಂದಾಗ ನನಗೆ ಅದರ ಎರಡನೇ ಸಾಲು ಸರಿಯಾಗಿ ಅರ್ಥವಾಯಿತು.

ಲಿಖಿತ ಪರೀಕ್ಷೆ ಪಾಸಾದವರಿಗೆ ನಡೆಯುವ ಆಯ್ಕೆ ಸಂದರ್ಶನ ಎಸ್ಎಸ್‌ಬಿಯ ಐದು ದಿನಗಳಲ್ಲಿ ಕಮಾಂಡ್ ಟಾಸ್ಕ್ ಅಂತ ಒಂದಿದೆ. ಹಲಗೆ, ಹಗ್ಗ ಕೊಡುತ್ತಾರೆ, ಗುಂಪಿನಿಂದ ಸಹಾಯಕರನ್ನು ಆರಿಸಿಕೊಂಡು ಅಡೆತಡೆ ದಾಟಬೇಕು. ಶಿವಮೊಗ್ಗದಲ್ಲಿ ನನ್ನ ಜೊತೆ ಓದುವ ಗೆಳೆಯರು ಅದಕ್ಕೆ ವಿಡಿಯೋ ನೋಡುತ್ತಾರೆ, ನೋಡಲಿ. ನಾನು ಅವರಿಗೆ ಹೇಳೋದು ಇಷ್ಟೇ: ಊರ ಜಾತ್ರೆಯ ಅಡುಗೆಯೋ, ಮನೆ ತೋಟದ ಕೊಯ್ಲೋ, ನಿಮಗಿಂತ ದೊಡ್ಡವರು ಇರುವ ಯಾವುದಾದರೂ ಒಂದು ಕೆಲಸವನ್ನು ಈ ವರ್ಷ ಪೂರ್ತಿಯಾಗಿ ವಹಿಸಿಕೊಳ್ಳಿ.