ಹರಿಗೋಲಿನ ಕೆಲಸ: ಡಾಂಬರು ಕೊನೆಗೂ ನಿಂತಿತು

ನಿನ್ನೆ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿದ್ದಾಗ, ನಾವೇ ಹೆಣೆದು ಬೋರಲು ಹಾಕಿದ್ದ ಹರಿಗೋಲಿನ (ಬಿದಿರಿನ ದುಂಡು ದೋಣಿಯ) ಡಾಂಬರಿನ ಮೇಲೆ ಮಗಳು ಅಂಗೈ ಒತ್ತಿ ತೆಗೆದಳು. ಕೈಗೆ ಏನೂ ಅಂಟಲಿಲ್ಲ. "ಅಮ್ಮಾ, ನಿಂತಿದೆ!" ಅಂತ ಅವಳು ಕೂಗಿದ ಕೂಗಿಗೆ ಪಕ್ಕದ ತೋಟದವರೂ ಓಡಿಬಂದರು. ಈ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಕಾದಿದ್ದು ಇದಕ್ಕೇ.

ಬುಟ್ಟಿ ಹೆಣೆದ ಕಥೆ ಬೇಡ. ಬಿದಿರಿನ ದಬ್ಬೆ ಸೀಳುವುದು, ನೆನೆಹಾಕುವುದು, ಅಂಚು ಕಟ್ಟುವುದು ನಿಮಗೆಲ್ಲ ಗೊತ್ತಿರುವುದೇ. ಗಂಗಾವತಿ ಕಡೆ ಮಾವನವರ ತೋಟದಲ್ಲಿ, ಮಾವಿನ ಮರದ ನೆರಳಲ್ಲಿ ಅದು ಸಲೀಸಾಗಿ ಮುಗಿಯಿತು. ಆರಡಿ ಅಗಲ. ಬಿದಿರು ಕೊಟ್ಟವರ ಮೇಲೆ ಮಾತ್ರ ಸಿಟ್ಟಿದೆ. ಗಟ್ಟಿ ಬಿದಿರೇ ಬೇಕು ಅಂತ ಫೋನಿನಲ್ಲಿ ಒತ್ತಿ ಹೇಳಿದ್ದೆವು. ಬಂದಿದ್ದರಲ್ಲಿ ಅರ್ಧ ಪೊಳ್ಳು. ಕೆಲವಕ್ಕೆ ಆಗಲೇ ಹುಳ ಬಿದ್ದು ಹಿಟ್ಟು ಉದುರುತ್ತಿತ್ತು. ದುಡ್ಡು ಮಾತ್ರ ಪೂರ್ತಿ ತಗೊಂಡರು.

ಕಾಡಿದ್ದು ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿ ಹತ್ತಿರದ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರಂತೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ಕು, ಮೇಲೆ ಡಾಂಬರು. ನಾವೂ ಟಾರ್ಪಾಲು ಬಿಗಿದು, ಅಂಗಡಿಯವರು ಕೊಟ್ಟ ಡಾಂಬರು ಕಾಯಿಸಿ ಬಳಿದೆವು. ಬಿಸಿ ಡಾಂಬರು ಬಿದ್ದ ಕಡೆಯೆಲ್ಲ ಟಾರ್ಪಾಲು ಮುದುರಿಕೊಂಡಿತು. ತಣ್ಣಗಾದ ಮೇಲೆ ಉಗುರು ಹಾಕಿದರೆ ಪಟ್ಟಿ ಪಟ್ಟಿಯಾಗಿ ಎದ್ದು ಬಂತು. ಉಳಿದಿದ್ದು ಮಾರನೆಯ ದಿನದ ಬಿಸಿಲಿಗೆ ಕರಗಿ ಅಂಚಿಗೆ ಇಳಿಯಿತು. ತೋಟದ ಕೃಷಿ ಹೊಂಡಕ್ಕೆ ಇಳಿಸಿದರೆ ತಳದಿಂದ ಸಣ್ಣಗೆ ನೀರು. "ಇದು ಹರಿಗೋಲಲ್ಲ, ಸೋರಿಗೋಲು" ಅಂದ ಸಣ್ಣವನು. ಮಾವನವರು ನಕ್ಕಿದ್ದು ನಕ್ಕಿದ್ದೇ. ಈಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು.

ತೊಂದರೆ ಎರಡು ಕಡೆ ಇತ್ತು. ಒಂದು, ಟಾರ್ಪಾಲಿನ ಪಾಲಿಥೀನ್ ಮೈಗೆ ಡಾಂಬರು ಕಚ್ಚುವುದೇ ಇಲ್ಲ. ಬಳಿಯುವಷ್ಟು ತೆಳುವಾಗಲಿ ಅಂತ ಕಾಯಿಸಿದರೆ ಆ ಕಾವಿಗೆ ಪಾಲಿಥೀನೇ ಕರಗುತ್ತದೆ. ಎರಡು, ನಮಗೆ ಸಿಕ್ಕಿದ್ದು ರಸ್ತೆಗೆ ಹಾಕುವ ವಿಜಿ-30 ಅನ್ನುವ ದರ್ಜೆಯ ಡಾಂಬರು. ಅದು ಮೆತ್ತಗಾಗುವ ಮಟ್ಟ 47 ಡಿಗ್ರಿಯಿಂದ ಶುರು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಕಪ್ಪು ಮೈ ಅದನ್ನು ಸುಲಭವಾಗಿ ದಾಟುತ್ತದೆ. ರಸ್ತೆಯಲ್ಲಿ ಜಲ್ಲಿ ಹಿಡಿದುಕೊಳ್ಳುತ್ತದೆ, ಹರಿಗೋಲಿನ ಇಳಿಜಾರಿನಲ್ಲಿ ಹಿಡಿಯುವವರು ಯಾರು?

ಬೇಕಾಗಿದ್ದು ತಾರಸಿಗೆ ಬಳಸುವ 85/25 ಅನ್ನುವ ದರ್ಜೆ. ಅದರಲ್ಲಿ 85 ಅನ್ನುವುದೇ ಮೆತ್ತಗಾಗುವ ಡಿಗ್ರಿ. ಅಂಗಡಿಯಲ್ಲಿ ಕೇಳಿದರೆ "ಡಾಂಬರ್ ಎಲ್ಲಾ ಒಂದಽ ರೀ ಮೇಡಂ" ಅನ್ನುವ ಉತ್ತರ! ಒಂದೇ ಅಲ್ಲ ಅಂತ ನಮ್ಮ ಮಗಳು ತೋರಿಸಿದಳು. ಹಳೆ ತಗಡಿನ ಮೇಲೆ ಟಾರ್ಪಾಲು, ಗೊಬ್ಬರದ ಚೀಲ, ಕೋರಾ ಬಟ್ಟೆಯ (ಬಿಳುಪು ಮಾಡದ ಹತ್ತಿ ಬಟ್ಟೆಯ) ತುಂಡುಗಳನ್ನು ಸಾಲಾಗಿ ಅಂಟಿಸಿ, ಒಂದೊಂದಕ್ಕೂ ಬೇರೆ ಬೇರೆ ಡಾಂಬರು ಬಳಿಸಿಕೊಂಡು, ಗೋಡೆಗೆ ಒರಗಿಸಿಟ್ಟಳು. ಗಂಟೆಗೊಮ್ಮೆ ಎಷ್ಟು ಇಳಿಯಿತು ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದಳು. ಸಂಜೆಗೆ ವಿಜಿ-30ರ ಗೆರೆಗಳು ಗೇಣುದ್ದ ಇಳಿದಿದ್ದವು. ಕೋರಾ ಬಟ್ಟೆಯ ಮೇಲಿನ 85/25 ಹಾಕಿದಲ್ಲೇ ಇತ್ತು. ಆ ತಗಡನ್ನು ನಾನು ಎತ್ತಿಟ್ಟಿದ್ದೇನೆ.

ಆದರೆ 85/25 ಒಂದನ್ನೇ ಹಾಕಿದರೆ ಬಿರುಸು ಜಾಸ್ತಿ. ಮಕ್ಕಳು ಕುಣಿದರೆ ಬಿರುಕು ಬಿಡುತ್ತದೆ. ನದಿ ದಂಡೆಯಲ್ಲಿ ಹರಿಗೋಲು ಹೆಣೆಯುವ ಅಜ್ಜ ಒಬ್ಬರು ಬಂದು ಬೆರಳಲ್ಲಿ ಮಡಚಿ ನೋಡಿ, "ಬಿದಿರು ಬಾಗ್ತದ, ಡಾಂಬರೂ ಬಾಗಬೇಕಲ್ಲವ್ವ" ಅಂದರು. ಅದಕ್ಕೇ ಮೂರು ಪಾಲು 85/25ಕ್ಕೆ ಒಂದು ಪಾಲು ವಿಜಿ-30. ಟಾರ್ಪಾಲು ಕಿತ್ತು, ಕೋರಾ ಬಟ್ಟೆಯನ್ನು ಎರಡು ಪದರ ಬಿಗಿದು ಹೊಲಿದು, ಮೊದಲ ಕೈ ತೆಳ್ಳಗೆ ಬಟ್ಟೆ ಕುಡಿಯುವಷ್ಟು, ಎರಡನೆಯದು ದಪ್ಪಗೆ. ಎಳೆಗಳ ಒಳಗೆ ಡಾಂಬರು ಇಳಿದಿರುವುದರಿಂದ ಈಗ ಉಗುರಿಗೆ ಸಿಗುವುದಿಲ್ಲ. ಕಾಯಿಸುವ ಕೆಲಸ ನಮ್ಮವರದು ಮತ್ತು ನನ್ನದು. ಮಕ್ಕಳು ಬೇಲಿಯ ಆಚೆ. ಇದರಲ್ಲಿ ರಾಜಿ ಇಲ್ಲ.

ಅಂದಹಾಗೆ, ಉಳಿದ ಕೋರಾ ಬಟ್ಟೆಗೆ ಆಗಲೇ ಕೆಲಸ ಹುಡುಕಿದ್ದೇವೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನೀರುನಾಯಿಗಳಿಗೆ ಅಂತ 2015ರಲ್ಲಿ ಮೀಸಲಾಯಿತಲ್ಲ, ಅಲ್ಲಿಗೆ ಹೋಗಬೇಕು. ಹರಿಗೋಲಿನಲ್ಲಿ ಅಲ್ಲ. ದೂರದ ದಂಡೆಯ ಮೇಲೆ, ಮಣ್ಣಿನ ಬಣ್ಣ ಹಾಕಿದ ಬಟ್ಟೆಯ ಮರೆಯಲ್ಲಿ ಕೂತು ಬೆಳಗಾಗುವುದನ್ನು ಕಾಯುವುದು. ಮರೆಗೆ ಕಿಂಡಿ ಎಷ್ಟು ಎತ್ತರಕ್ಕೆ ಅಂತ ಅಕ್ಕ ತಮ್ಮನಿಗೆ ಈಗಲೇ ಜಗಳ. ಮಡಚುವ ಕಾಲಿಗೆ ಉಳಿದ ದಬ್ಬೆ ಸಾಕು, ಪೊಳ್ಳಾದರೂ ನಡೆಯುತ್ತದೆ.

ಸಂಜೆ ಹೊಂಡಕ್ಕೆ ಇಳಿಸಿದೆವು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಇಳಿಜಾರು ಬಲು ಜಾರು. ಬಿದ್ದವರು ಈಜು ಬಂದರೂ ಹತ್ತಲಾರರು. ಹಾಗಾಗಿ ನಾಲ್ಕೂ ಬದಿಗೆ ಹಗ್ಗದಲ್ಲಿ ಹಳೆ ಟೈರು ಕಟ್ಟಿ ಇಳಿಬಿಟ್ಟಿದ್ದೇವೆ. ಮೈಗೆ ಲೈಫ್ ಜಾಕೆಟ್, ಹರಿಗೋಲಿಗೆ ದಂಡೆಯಿಂದ ಹಗ್ಗ. ನೀವು ಮಾಡುವುದಾದರೆ ಬಿದಿರಿಗಿಂತ ಮೊದಲು ಜಾಕೆಟ್ ತನ್ನಿ.

ತಳ ಒಣಗಿತ್ತು. ಅರ್ಧ ಗಂಟೆ ಆದ ಮೇಲೂ ಒಣಗಿತ್ತು! ಮಗ ಪಕ್ಕದಲ್ಲಿ ಹುಟ್ಟು ಹಾಕಿದ, ಹರಿಗೋಲು ಗಿರಗಿರನೆ ಸುತ್ತಿತು. ಇವು ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತವೆ ಅಂತ ಪಾಯೆಸ್ ಕೂಡ ಬರೆದಿದ್ದಾನೆ. ಅಜ್ಜ ಮಾತ್ರ ಮುಂದಕ್ಕೆ ಬಾಗಿ, ಹುಟ್ಟನ್ನು ಎದುರಿನ ನೀರಲ್ಲಿ ಆಚೆ ಈಚೆ ಆಡಿಸುತ್ತಾ ತಮ್ಮ ಕಡೆಗೆ ಎಳೆದುಕೊಂಡರು. ನೆಟ್ಟಗೆ ಹೋಯಿತು. ಮಾವನವರು ಅವರಾದ ಮೇಲೆ ಹುಟ್ಟು ಹಿಡಿದವರು ಕತ್ತಲಾಗುವವರೆಗೆ ಬಿಡಲಿಲ್ಲ. ಎಪ್ಪತ್ತು ದಾಟಿದ ಅವರ ಮುಖದಲ್ಲಿ ಅಂಥ ಖುಷಿ ನೋಡಿ ನನಗೆ ಡಾಂಬರಿನ ಹೊಗೆಯೆಲ್ಲ ಮರೆತುಹೋಯಿತು.

ಬಾಕಿ ಇರುವುದು ಅಂಚಿನ ಕೆಲಸ. ಬಟ್ಟೆ ಮಡಚಿದ ಕಡೆ ಹೊಲಿಗೆ ಸ್ವಲ್ಪ ಸಡಿಲ ಇದೆ, ಅಲ್ಲಿಗೆ ಇನ್ನೊಂದು ಕೈ ಬಳಿಯಬೇಕು. ಮಗನಿಗೆ ಅವನ ಅಳತೆಯ ಹುಟ್ಟು ಬೇಕು. ಈ ಸಲ ಬಿದಿರನ್ನು ಫೋನಿನಲ್ಲಿ ಹೇಳಿ ತರಿಸುವುದಿಲ್ಲ. ನಾವೇ ಹೋಗಿ, ಒಂದೊಂದನ್ನೂ ಬಡಿದು ನೋಡಿ ತರುತ್ತೇವೆ.