ಸ್ಟ್ಯಾಂಡ್‌ಬೈ ಟಿಕೆಟ್‌ನಲ್ಲಿ ಮೈಸೂರಿನಿಂದ ದುಬೈಗೆ: ಹೊರಡುವ ಅಪ್ಪ ಅಮ್ಮಂದಿರಿಗೆ

ಮಗಳು ವಿಮಾನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸ್ಟಾಫ್ ಟ್ರಾವೆಲ್‌ಗೆ, ಅಂದರೆ ನೌಕರರಿಗೂ ಅವರ ಮನೆಯವರಿಗೂ ಕಡಿಮೆ ದರದಲ್ಲಿ ಟಿಕೆಟ್ ಕೊಡುವ ಸೌಲಭ್ಯಕ್ಕೆ, ನಮ್ಮಿಬ್ಬರ ಹೆಸರನ್ನೂ ಸೇರಿಸಿದಳು. ಕುವೆಂಪುನಗರದಲ್ಲಿ ಸಿಕ್ಕವರೆಲ್ಲ "ನಿಮಗೇನು, ವಿಮಾನ ಫ್ರೀ ಅಲ್ವಾ" ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಹೋಗಿ ಬಂದ ಮೇಲೆ ಗೊತ್ತಾಯಿತು, ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ನಮಗೆ. ಉಳಿಯದಿದ್ದರೆ ಮುಂದಿನ ವಿಮಾನಕ್ಕೆ ಕಾಯಬೇಕು, ಇದಕ್ಕೇ ಸ್ಟ್ಯಾಂಡ್‌ಬೈ ಅನ್ನುವುದು. ಈ ಕಾಯುವಿಕೆಗೆ ತಯಾರಾಗಿ ಹೊರಟರೆ ಇದಕ್ಕಿಂತ ಒಳ್ಳೆಯ ಸೌಲಭ್ಯ ಇಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ಸಾಮಾನ್ಯವಾಗಿ ಕೇಳಿಬರುವುದು ಐಡಿ90. ಟಿಕೆಟ್ ದರದಲ್ಲಿ ನೂರಕ್ಕೆ 90 ಕಡಿತ. ಉಳಿದ 10, ಜೊತೆಗೆ ತೆರಿಗೆ, ಏರ್‌ಪೋರ್ಟ್ ಶುಲ್ಕ ನಾವು ಕಟ್ಟಬೇಕು. ಬೇರೆ ಕಂಪನಿಯ ವಿಮಾನಕ್ಕೆ ಝೆಡ್ ದರ ಅಂತ ಇದೆ. ಕಂಪನಿಗಳ ನಡುವೆ ಒಪ್ಪಂದ ಇದ್ದರೆ ಪ್ರಯಾಣದ ದೂರ ನೋಡಿ ಆ ದರ ಹಾಕುತ್ತಾರೆ. ಟಿಕೆಟ್ ಮಾಡಿಸಿದರೆ ಮುಗಿಯಲಿಲ್ಲ. ಯಾವ ದಿನ, ಯಾವ ವಿಮಾನ ಅಂತ ಹೆಸರು ಹಾಕಿಸಬೇಕು, ಅದಕ್ಕೆ ಲಿಸ್ಟಿಂಗ್ ಅನ್ನುತ್ತಾರೆ. ಅದನ್ನು ಮಗನೋ ಮಗಳೋ ಮಾಡುತ್ತಾರೆ.

ಸರದಿಯಲ್ಲಿ ಸಾಮಾನ್ಯವಾಗಿ ಆ ಕಂಪನಿಯ ನೌಕರರು, ಅವರ ಮನೆಯವರು ಮೊದಲು, ಬೇರೆ ಕಂಪನಿಯವರು ಆಮೇಲೆ. ಒಂದೇ ದರ್ಜೆಯವರಲ್ಲಿ ಕೆಲವು ಕಂಪನಿ ಕೆಲಸಕ್ಕೆ ಸೇರಿದ ತಾರೀಖು ನೋಡುತ್ತದೆ, ಕೆಲವು ಚೆಕ್‌ಇನ್ ಮಾಡಿದ ಹೊತ್ತು ನೋಡುತ್ತದೆ. ನಿಮ್ಮ ಮಗು ಹೊಸದಾಗಿ ಸೇರಿದ್ದರೆ ಪಟ್ಟಿಯ ಕೊನೆಯಲ್ಲಿ ಇದ್ದೇವೆ ಅಂತಲೇ ತಿಳಿದು ಹೊರಡಿ. ಬೇಸಿಗೆ ರಜೆ, ದಸರಾ, ಡಿಸೆಂಬರ್ ಕೊನೆ, ಈದ್ ಹಬ್ಬದ ಅಕ್ಕಪಕ್ಕ ಬೇಡವೇ ಬೇಡ.

ನಾವು ಮೈಸೂರಿನಿಂದ ಫ್ಲೈಬಸ್‌ನಲ್ಲಿ, ಅಂದರೆ ಸೀದಾ ಬೆಂಗಳೂರು ಏರ್‌ಪೋರ್ಟ್‌ಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋದೆವು. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಆದ ಮೇಲೆ ಬೆಂಗಳೂರಿನ ಅಂಚಿಗೆ ಬೇಗ ತಲುಪುತ್ತೇವೆ, ನಿಜ. ಆದರೆ ಏರ್‌ಪೋರ್ಟ್ ಇರುವುದು ದೇವನಹಳ್ಳಿ ಕಡೆ, ಊರಿನ ಇನ್ನೊಂದು ತುದಿಯಲ್ಲಿ. ನಾಲ್ಕು ಗಂಟೆಗಿಂತ ಜಾಸ್ತಿಯೇ ಇಟ್ಟುಕೊಳ್ಳಿ. ಸೀಟು ಸಿಗದಿದ್ದರೆ ಮೈಸೂರಿಗೆ ವಾಪಸ್ ಬಂದು ಮತ್ತೆ ಹೋಗುವುದು ಆಗದ ಮಾತು. ನಮ್ಮ ನೆಂಟರ ಮನೆ ಯಲಹಂಕದಲ್ಲಿತ್ತು. ಹಾಗೆ ಯಾರೂ ಇಲ್ಲದಿದ್ದರೆ ಏರ್‌ಪೋರ್ಟ್ ಹತ್ತಿರ ಒಂದು ರೂಮಿನ ನಂಬರ್ ಕೈಯಲ್ಲಿರಲಿ. ಸ್ಟ್ಯಾಂಡ್‌ಬೈನವರಿಗೆ ಊಟ, ಹೋಟೆಲು ಯಾವುದನ್ನೂ ಕಂಪನಿ ಕೊಡುವುದಿಲ್ಲ.

ಹಿಂದಿನ ದಿನ ಮಗಳು ನೋಡಿದಾಗ ಹದಿನೆಂಟು ಸೀಟು ಖಾಲಿ ಇತ್ತು. ನಾವು ಟರ್ಮಿನಲ್ 2ರ ಕೌಂಟರ್‌ಗೆ ಹೋಗುವಷ್ಟರಲ್ಲಿ ಅದು ಕರಗಿಹೋಗಿತ್ತು. ಬೇರೆ ವಿಮಾನ ತಪ್ಪಿದವರನ್ನು ಇದಕ್ಕೆ ಹಾಕಿದ್ದರಂತೆ. ಸೀಟು ಖಾಲಿ ಇದ್ದರೂ ಕೆಲವು ಸಲ ತೂಕದ ಕಾರಣಕ್ಕೆ ಕೊಡುವುದಿಲ್ಲ. ಕೌಂಟರ್ ಮುಚ್ಚುವುದು ವಿಮಾನ ಹೊರಡಲು ಒಂದು ಗಂಟೆ ಇರುವಾಗ. ಅಲ್ಲಿಯವರೆಗೂ ಪಕ್ಕದಲ್ಲಿ ನಿಂತಿದ್ದೆವು. ಆಮೇಲೆ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಪಾಸ್‌ಪೋರ್ಟ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು, "ಒಂದೇ ಸೀಟ್ ಇದೆ ಮೇಡಂ, ಯಾರು ಹೋಗ್ತೀರಿ?" ಅಂದಳು.

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಮಾತ್ರೆ ಡಬ್ಬಿ ಇವರ ಬ್ಯಾಗಿನಲ್ಲಿ, ದುಡ್ಡು, ವೀಸಾ ಕಾಗದ ಎಲ್ಲ ನನ್ನ ಬ್ಯಾಗಿನಲ್ಲಿ. ನಾವು ತೀರ್ಮಾನ ಮಾಡುವ ಹೊತ್ತಿಗೆ ಹಿಂದೆ ನಿಂತಿದ್ದ ಹುಡುಗನಿಗೆ ಆ ಸೀಟು ಹೋಯಿತು. ದಯವಿಟ್ಟು ಈ ಮಾತನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಒಂದೇ ಸೀಟು ಬಂದರೆ ಯಾರು ಹೋಗಬೇಕು, ಇಬ್ಬರೂ ನಿಲ್ಲಬೇಕಾ? ಮಾತ್ರೆ, ದುಡ್ಡು, ವೀಸಾ ಪ್ರತಿ ಅವರವರ ಬ್ಯಾಗಿನಲ್ಲೇ ಇರಲಿ.

ಲಗೇಜು ಕ್ಯಾಬಿನ್ ಬ್ಯಾಗಿನಲ್ಲೇ ಮುಗಿದರೆ ಒಳ್ಳೆಯದು, ಕೊನೆ ಗಳಿಗೆಯಲ್ಲಿ ಓಡಬೇಕಾಗುತ್ತದೆ. ಮೈಸೂರು ಪಾಕ್, ಕೋಡುಬಳೆ ಕೈಯಲ್ಲೇ ಹೋಗುತ್ತದೆ. ತುಪ್ಪದ ಬಾಟಲಿ ಸೆಕ್ಯುರಿಟಿಯಲ್ಲಿ ನಿಲ್ಲುತ್ತದೆ. ಗಸಗಸೆಯನ್ನಂತೂ ಮುಟ್ಟಲೇಬೇಡಿ, ಪಾಯಸಕ್ಕೆ ಅಂತ ಒಂದು ಚಿಟಿಕೆಯೂ ಬೇಡ. ದುಬೈಯಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ, ಜೈಲು ಆಗಬಹುದು.

ಮಾರನೇ ಬೆಳಗಿನ ಜಾವದ ವಿಮಾನದಲ್ಲಿ ಎರಡು ಸೀಟು ಸಿಕ್ಕಿತು. ಬೇರೆ ಬೇರೆ ಸಾಲಿನಲ್ಲಿ ಕೂತೆವು. ಸೀಟು ಬದಲಿಸಿ ಅಂತ ಕೇಳಲು ಹೋಗಲಿಲ್ಲ. ನಾವು ಅಲ್ಲಿ ನಡೆದುಕೊಳ್ಳುವ ರೀತಿ ಮಗಳ ಲೆಕ್ಕಕ್ಕೆ ಹೋಗುತ್ತದೆ. ಕೌಂಟರ್‌ನಲ್ಲಿ ಜೋರು ಮಾಡಿದರೆ ಅವಳ ಸೌಲಭ್ಯವನ್ನೇ ನಿಲ್ಲಿಸಬಹುದು. ಬಟ್ಟೆ ನೀಟಾಗಿರಲಿ, ಚಪ್ಪಲಿ ಬದಲು ಶೂ ಇದ್ದರೆ ಒಳ್ಳೆಯದು. ಎಷ್ಟಕ್ಕೆ ಬಂದಿರಿ ಅನ್ನುವುದನ್ನು ಪಕ್ಕದವರ ಹತ್ತಿರ ಹೇಳಬೇಡಿ, ಅವರು ಪೂರ್ತಿ ದುಡ್ಡು ಕೊಟ್ಟು ಬಂದಿರುತ್ತಾರೆ.

ಬರುವಾಗ ಇನ್ನೂ ಎಚ್ಚರ ಬೇಕು. ವೀಸಾ ಮುಗಿಯುವ ದಿನಕ್ಕೆ ಹೊಂದಿಸಿಕೊಂಡರೆ, ಸೀಟು ಸಿಗದೆ ಉಳಿದ ಒಂದೊಂದು ದಿನಕ್ಕೂ ದಂಡ ಬೀಳುತ್ತದೆ. ನಮ್ಮ ಅಣ್ಣನ ಮನೆ ಗೃಹಪ್ರವೇಶ ಇತ್ತು, ಐದು ದಿನ ಮೊದಲೇ ಹೊರಟೆವು. ಜೊತೆಗೆ, ಎಲ್ಲೂ ಸೀಟಿಲ್ಲ ಅಂದರೆ ಪೂರ್ತಿ ದರದ ಎರಡು ಟಿಕೆಟ್ ತೆಗೆಯುವಷ್ಟು ದುಡ್ಡನ್ನು ಬೇರೆ ಇಟ್ಟಿದ್ದೆವು. ಅಷ್ಟು ದುಡ್ಡು ಹೊಂದಿಸಲು ಆಗದಿದ್ದರೆ ಆ ಸಲ ಹೋಗಬೇಡಿ. ಮದುವೆ, ಆಪರೇಷನ್ ಅಂಥದ್ದಕ್ಕೆ ಮೊದಲೇ ಕನ್ಫರ್ಮ್ ಟಿಕೆಟ್ ಮಾಡಿಸಿಬಿಡಿ.

ಎರಡನೇ ರಾತ್ರಿ ಸೀಟು ಬಂತು. ಮೈಸೂರಿನ ಬಸ್ಸನ್ನು ಮಾತ್ರ ಮೊದಲೇ ಬುಕ್ ಮಾಡಿರಲಿಲ್ಲ. ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ, ವಿಮಾನದ ಬಾಗಿಲು ಮುಚ್ಚುವ ಮೊದಲು, ಫೋನಿನಲ್ಲಿ ಫ್ಲೈಬಸ್‌ಗೆ ಎರಡು ಸೀಟು ಹಾಕಿದೆ.