ಮೂವತ್ತೆರಡರ ಲೆಕ್ಕ

ಕೊರೊನಾದಿಂದಾಗಿ ಎರಡು ವರ್ಷ ಮುಂದಕ್ಕೆ ಹೋಗಿದ್ದ ಪ್ರಯಾಣ ಕೊನೆಗೂ ಕೈಗೂಡಿ ಅಪ್ಪ ಲಂಡನ್ನಿಗೆ ಬಂದಿದ್ದರು. ನೋಡಬೇಕಾದದ್ದನ್ನೆಲ್ಲ ಮೂರೇ ವಾರದಲ್ಲಿ ನೋಡಿ ಮುಗಿಸಿ, ಬಾರ್ಕಿಂಗಿನ ನಮ್ಮ ಮನೆಯ ಕಿಟಕಿಯ ಪಕ್ಕ ಕುಳಿತುಬಿಟ್ಟರು. ಹೊರಗೆ ಫೆಬ್ರುವರಿಯ ಬೂದು ಮೋಡ. ಆ ಕೂರುವಿಕೆ ನನಗೆ ಸಹಿಸಲಾಗುತ್ತಿರಲಿಲ್ಲ. ಶಿವಮೊಗ್ಗದ ಖಜಾನೆಯಲ್ಲಿ ಗುಮಾಸ್ತರಾಗಿದ್ದಾಗ ನೌಕರರ ಕ್ರೀಡಾಕೂಟದ ಕೇರಂನಲ್ಲಿ ಅವರನ್ನು ಸೋಲಿಸುವವರಿರಲಿಲ್ಲ. ಅಂಥವರು ನಿವೃತ್ತಿಯಾದ ಕೆಲವೇ ವರ್ಷಗಳಲ್ಲಿ ಬೋರ್ಡನ್ನು ಅಟ್ಟಕ್ಕೆ ಹಾಕಿದ್ದರು. ಏಕೆ ಎಂದು ಕೇಳಿದರೆ, "ಸಾಕಾಯಿತು" ಎಂಬ ಒಂದೇ ಉತ್ತರ.

ಪಕ್ಕದ ಮನೆಯ ಹಿರಿಯರೊಬ್ಬರು, ದುಂಡು ಬೋರ್ಡಿಗೆ ಪುಟ್ಟ ಬಾಣ ಎಸೆಯುವ ಆಟವಾದ ಡಾರ್ಟ್ಸ್ ಪಂದ್ಯಕ್ಕೆ ಎರಡು ಟಿಕೆಟ್ ಕೊಂಡಿದ್ದರು. ಅವರಿಗೆ ಹೋಗಲಾಗದೆ, ಟಿಕೆಟ್‌ಗಳು ನಮ್ಮ ಪಾಲಿಗೆ ಬಂದವು. ಹಿರಿಯ ಆಟಗಾರರಿಗೆಂದೇ ಆರಂಭವಾದ ವಿಶ್ವ ಚಾಂಪಿಯನ್‌ಷಿಪ್. 2022ರದು ಮೊದಲ ವರ್ಷ. ಪುರುಷರಾದರೆ ಐವತ್ತು ದಾಟಿರಬೇಕು. ಫೆಬ್ರುವರಿ 6ರ ಭಾನುವಾರ ಅದರ ಫೈನಲ್.

ಬಾರ್ಕಿಂಗಿನಿಂದ ರೈಲಿನಲ್ಲಿ ಪರ್ಫ್ಲೀಟ್ ಹತ್ತಿರವೇ. ಥೇಮ್ಸ್ ನದಿ ಸಮುದ್ರದ ಕಡೆಗೆ ಅಗಲವಾಗುತ್ತಾ ಹೋಗುವ ಜಾಗ, ಸುತ್ತ ಗೋದಾಮುಗಳು, ಲಾರಿಗಳು. ಸರ್ಕಸ್ ಟ್ಯಾವರ್ನ್ ಕಟ್ಟಡವನ್ನು ಕಂಡಾಗ, "ಇದೇನಾ?" ಎಂದರು ಅಪ್ಪ. ಹೊರಗಿನಿಂದ ನೋಡಿದವರಿಗೆ ಅದರ ಹಿರಿಮೆ ತಿಳಿಯುವುದಿಲ್ಲ. 1994ರಿಂದ 2007ರವರೆಗೆ ವೃತ್ತಿಪರ ಡಾರ್ಟ್ಸ್‌ನ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲೇ. ಅಲ್ಲಿನ ಕೊನೆಯ ಫೈನಲ್‌ನಲ್ಲಿ ರೇಮಂಡ್ ವ್ಯಾನ್ ಬಾರ್ನೆವೆಲ್ಡ್ ಫಿಲ್ ಟೇಲರ್ ಅವರನ್ನು 7–6ರಿಂದ ಸೋಲಿಸಿದ ಕಥೆಯನ್ನು ಇಲ್ಲಿಯವರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಹಳೆಯ ಆಟಗಾರರನ್ನು ಮತ್ತೆ ಅದೇ ವೇದಿಕೆಗೆ ಕರೆತಂದದ್ದು ಎಷ್ಟು ಸರಿಯಾದ ಕೆಲಸ ಎಂದು ನನಗೆ ಒಳಗೆ ಕಾಲಿಡುತ್ತಲೇ ಅನ್ನಿಸಿತು.

ಉದ್ದನೆಯ ಮೇಜುಗಳು, ಬಿಯರ್ ಲೋಟಗಳು, ಗದ್ದಲ. ಅಪ್ಪನಿಗಾಗಿ ಕಿತ್ತಳೆ ರಸ ತಂದು, ಆಟದ ನಿಯಮ ಹೇಳಿದೆ. 501ರಿಂದ ಇಳಿಯುತ್ತಾ ಬರಬೇಕು. ಒಂದು ಸರದಿಗೆ ಮೂರು ಬಾಣ. ಕೊನೆಯ ಬಾಣ ಹೊರಗಿನ ಸಪೂರ ಪಟ್ಟಿಗೆ, ಅಂದರೆ ಅಂಕ ಎರಡರಷ್ಟಾಗುವ ಡಬಲ್‌ಗೆ, ಬಿದ್ದು ಲೆಕ್ಕ ಸರಿಯಾಗಿ ಸೊನ್ನೆಯಾಗಬೇಕು. ಒಂದು ಹೆಚ್ಚಾದರೂ ಆ ಸರದಿ ವ್ಯರ್ಥ.

"ಪಟ್ಟಿ ಎಷ್ಟು ಅಗಲ?"

"ಎಂಟು ಮಿಲಿಮೀಟರ್, ಅಪ್ಪಾ. ನಿಲ್ಲುವ ಗೆರೆ 2.37 ಮೀಟರ್ ದೂರ."

ಅವರು ಹೆಬ್ಬೆರಳನ್ನೂ ತೋರುಬೆರಳನ್ನೂ ಎಂಟು ಮಿಲಿಮೀಟರ್‌ನಷ್ಟು ತೆರೆದು, ಆ ಸಂದಿಯಿಂದ ವೇದಿಕೆಯ ಬೋರ್ಡನ್ನು ನೋಡಿದರು. ಆಮೇಲೆ ಪರದೆಯ ಮೇಲೆ ಅಂಕಿಗಳ ಜೋಡಣೆಯನ್ನು ಗಮನಿಸಿದರು. ಇಪ್ಪತ್ತರ ಒಂದು ಪಕ್ಕಕ್ಕೆ ಒಂದು, ಇನ್ನೊಂದು ಪಕ್ಕಕ್ಕೆ ಐದು. "ಆಸೆ ಇರುವಲ್ಲೇ ದಂಡವನ್ನೂ ಇಟ್ಟಿದ್ದಾರೆ" ಎಂದು ತಲೆದೂಗಿದರು.

ಫೈನಲ್‌ಗೆ ಬಂದವರು ಸ್ಕಾಟ್ಲೆಂಡಿನ ರಾಬರ್ಟ್ ಥಾರ್ನ್‌ಟನ್ ಮತ್ತು ಇಂಗ್ಲೆಂಡಿನ ಮಾರ್ಟಿನ್ ಆಡಮ್ಸ್. ಥಾರ್ನ್‌ಟನ್‌ಗೆ 54, ಆಡಮ್ಸ್‌ಗೆ 65. ಆಡಮ್ಸ್ ಅವರ ಅಡ್ಡಹೆಸರು ವುಲ್ಫಿ, ಅಂದರೆ ತೋಳ. ಅವರು ವೇದಿಕೆಯತ್ತ ನಡೆದು ಬರುವಾಗ ಸಭಾಂಗಣವೆಲ್ಲ ತೋಳದಂತೆ ಊಳಿಟ್ಟಿತು. ಮೂರು ಬಾರಿ ಬಿಡಿಒ (ಬ್ರಿಟಿಷ್ ಡಾರ್ಟ್ಸ್ ಸಂಸ್ಥೆ) ವಿಶ್ವ ಚಾಂಪಿಯನ್ ಆದವರು. 2016ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದನ್ನು ಬಹಿರಂಗವಾಗಿ ಹೇಳಿಕೊಂಡು, ಆಟವನ್ನೂ ಬಿಡದವರು. ಇದನ್ನು ಹೇಳಿದ ಕೂಡಲೇ ಅಪ್ಪ ಅವರ ಪಕ್ಷ ವಹಿಸಿದರು.

ಆಡಿದ್ದು ಮಾತ್ರ ಥಾರ್ನ್‌ಟನ್. ಈ ಟೂರ್ನಿಯಲ್ಲಿ 1945ರಲ್ಲಿ ಹುಟ್ಟಿದ ಜಾನ್ ಲೋ ಕೂಡ ಸ್ಪರ್ಧಿಸಿದ್ದರು. ಹದಿನಾರು ಬಾರಿ ವಿಶ್ವ ಚಾಂಪಿಯನ್ ಆದ ಟೇಲರ್ ಇದ್ದರು, ಆದರೆ ಫೈನಲ್ ತಲುಪಲಿಲ್ಲ. ಹಳಬರನ್ನು ಸನ್ಮಾನಿಸಿ ಶಾಲು ಹೊದಿಸುವ ಸಮಾರಂಭ ಇದಾಗಿರಬಹುದು ಎಂದುಕೊಂಡಿದ್ದೆ. ಒಂದಿಷ್ಟೂ ಅಲ್ಲ. ಎದುರಾಳಿಯ ವಯಸ್ಸನ್ನು ನೋಡಿ ಥಾರ್ನ್‌ಟನ್ ಒಂದು ಬಾಣವನ್ನೂ ಸಡಿಲ ಬಿಡಲಿಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಒಬ್ಬ ಆಟಗಾರನಿಗೆ ಹೇಗೆ ಸಲ್ಲಿಸುವುದೋ ನನಗೆ ತಿಳಿಯದು. ಫಲಿತಾಂಶ 5–1. ಆಡಮ್ಸ್‌ಗೆ ದಕ್ಕಿದ್ದು ಒಂದೇ ಸೆಟ್.

ನಡುವೆ ವಿರಾಮವಿದ್ದಾಗ ಅಪ್ಪನಿಗೆ ಎರಿಕ್ ಬ್ರಿಸ್ಟೊ ಕಥೆ ಹೇಳಿದೆ. 1980ರ ದಶಕದಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆದವರು. ಒಂದು ಹಂತದಲ್ಲಿ ಅವರ ಬೆರಳುಗಳಿಂದ ಬಾಣ ಬಿಡುಗಡೆಯಾಗುವುದೇ ನಿಂತಿತು. ಕೈ ಮುಂದೆ ಹೋಗುತ್ತದೆ, ಬೆರಳು ಬಿಡುವುದಿಲ್ಲ. ನೋವಿಲ್ಲ, ಗಾಯವಿಲ್ಲ. ಡಾರ್ಟ್ಸ್ ಮಂದಿ ಅದನ್ನು ಡಾರ್ಟೈಟಿಸ್ ಎನ್ನುತ್ತಾರೆ.

ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಮೇಜಿನ ಮೇಲೆ ಬಲಗೈಯ ತೋರುಬೆರಳನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಇಲ್ಲದ ಸ್ಟ್ರೈಕರ್ ಹೊಡೆಯುವವರಂತೆ ಹಿಡಿದಿದ್ದರು. ಉಗುರಿನ ಅಂಚಿನಲ್ಲಿ ಹಳೆಯ ಗಟ್ಟಿ ಚರ್ಮ ಇನ್ನೂ ಇತ್ತು.

"ನನಗೂ ಹೀಗೇ ಆಗಿತ್ತು" ಎಂದರು. "ಕಾಯಿ ಎದುರಿಗೇ ಇರುತ್ತಿತ್ತು, ಜೇಬು ಬಾಯಿ ತೆರೆದುಕೊಂಡಿರುತ್ತಿತ್ತು. ಬೆರಳು ಹೊರಡುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ."

ಎಷ್ಟು ವರ್ಷ ಈ ಮಾತನ್ನು ಒಳಗೇ ಇಟ್ಟುಕೊಂಡಿದ್ದರು! "ಆ ಬ್ರಿಸ್ಟೊ ಆಮೇಲೆ ಏನಾದರು?" ಎಂದು ಕೇಳಿದರು. ಮತ್ತೆ ಆಡಿದರು, 1989ರಿಂದ ಸತತ ಮೂರು ವರ್ಷ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತಲುಪಿದರು ಎಂದೆ. ಗೆದ್ದರೇ ಎಂದು ಅವರು ಕೇಳಲಿಲ್ಲ, ಗೆದ್ದಿರಲಿಲ್ಲ.

ಹಿಂದಿರುಗುವಾಗ ರೈಲಿನ ಬೋಗಿಯಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ ಟಿಕೆಟ್‌ನ ಹಿಂಬದಿಯಲ್ಲಿ ಪೆನ್ನಿನಿಂದ ಏನೋ ಬರೆಯುತ್ತಿದ್ದರು. ರೇನಮ್ ದಾಟಿದ ಮೇಲೆ ನನ್ನ ಕಡೆಗೆ ತಿರುಗಿದರು.

"ಇವರೆಲ್ಲ ಮೂವತ್ತೆರಡನ್ನು ಉಳಿಸಿಕೊಳ್ಳಲು ಯಾಕೆ ಅಷ್ಟು ಒದ್ದಾಡುತ್ತಾರೆ ಗೊತ್ತಾಯಿತೇ?"

"ಡಬಲ್ ಹದಿನಾರಕ್ಕೆ."

"ಅದಲ್ಲ. ಗುರಿ ತಪ್ಪಿ ಒಳಗೆ ಬಿದ್ದರೆ ಒಂಟಿ ಹದಿನಾರು. ಉಳಿದದ್ದು ಹದಿನಾರು, ಅಂದರೆ ಡಬಲ್ ಎಂಟು. ಮತ್ತೆ ಒಳಗೆ ಬಿದ್ದರೆ ಡಬಲ್ ನಾಲ್ಕು. ಆಮೇಲೆ ಎರಡು, ಆಮೇಲೆ ಒಂದು. ನಲವತ್ತನ್ನು ಉಳಿಸಿಕೊಂಡು ನೋಡು. ಇಪ್ಪತ್ತು, ಹತ್ತು, ಆಮೇಲೆ ಐದಕ್ಕೆ ಬಂದು ಸಿಕ್ಕಿಬೀಳುತ್ತೀಯ. ಬೆಸ ಸಂಖ್ಯೆಯಿಂದ ಡಬಲ್ ಆಗುವುದಿಲ್ಲ, ಸರಿಪಡಿಸಲು ಇನ್ನೊಂದು ಬಾಣ ದಂಡ."

ಟಿಕೆಟ್‌ನ ಮೇಲೆ ಅಂಕಿಗಳು ಒಂದರ ಕೆಳಗೊಂದು, ಖಜಾನೆಯ ಲೆಡ್ಜರಿನಲ್ಲಿದ್ದ ಹಾಗೆಯೇ ನೇರ ಸಾಲಿನಲ್ಲಿದ್ದವು. ಮೂವತ್ತೆರಡರ ಕೆಳಗೆ ಎರಡು ಗೆರೆ ಎಳೆದಿದ್ದರು.

"ನಾಲ್ಕು ಸಲ ತಪ್ಪಿದರೂ ದಾರಿ ಮುಚ್ಚುವುದಿಲ್ಲವಲ್ಲ" ಎಂದು ಹೇಳಿ ಐದನೆಯದಕ್ಕೆ ಏನಾಗುತ್ತದೆ ಎಂದು ಮತ್ತೆ ಲೆಕ್ಕ ಹಾಕತೊಡಗಿದರು. ಬಾರ್ಕಿಂಗ್ ಬಂದರೂ ಏಳಲಿಲ್ಲ. ನಾನೇ ತೋಳು ಹಿಡಿದು ಇಳಿಸಿದೆ.